ಒಂದು ರಬ್ಬರ್ ಬಿಲ್ಲೆ

"ಟಕ್."

ಅಷ್ಟೇ. ಅಪ್ಪ ಇನ್ನೊಮ್ಮೆ ಕೀ ತಿರುಗಿಸಿದರು. ಮತ್ತೆ "ಟಕ್" ಎಂದಿತೇ ಹೊರತು ದೋಣಿಯ ಎಂಜಿನ್ ಅಲುಗಾಡಲಿಲ್ಲ.

ಆಚೆ ದಡಕ್ಕೆ ಹೋಗಬೇಕಾಗಿದ್ದ ಜನ ಗೊಣಗುತ್ತಾ ಇಳಿದು, ದೂರದ ಸೇತುವೆಯ ಕಡೆ ಹೊರಟರು. ಅಪ್ಪ ರೇಗಿ ಮೆಕ್ಯಾನಿಕ್ ತಾತನನ್ನು ಕರೆಸಿದರು.

"ಹೋದ ವಾರ ತಾನೇ ಸ್ಟಾರ್ಟರ್ ರಿಪೇರಿ ಮಾಡಿಕೊಟ್ರಿ, ಮೇಸ್ತ್ರಿಗಳೇ? ಆಗ್ಲೇ ಕೈ ಕೊಡ್ತಲ್ಲ!"

ತಾತ ಎಂಜಿನ್ ಪಕ್ಕ ಮಂಡಿಯೂರಿದರು. ಈ ದಡದ ಎಂಜಿನ್‌ಗಳಿಗೆಲ್ಲ ಅವರೇ ಡಾಕ್ಟರು. ಬ್ಯಾಟರಿ ನೋಡಿದರು, ಚಾರ್ಜ್ ಇತ್ತು. ಸ್ಟಾರ್ಟರ್ ಬಿಚ್ಚಿ ದಡದ ಮೇಲಿಟ್ಟು, ಬ್ಯಾಟರಿಯಿಂದ ನೇರವಾಗಿ ವೈರ್ ಮುಟ್ಟಿಸಿದರು. ಗರ್ರನೆ ತಿರುಗಿತು! ಮತ್ತೆ ಎಂಜಿನ್‌ಗೆ ಕೂರಿಸಿ ಕೀ ತಿರುಗಿಸಿದರೆ, "ಟಕ್."

"ಇದೊಳ್ಳೆ ಕತೆಯಾಯ್ತಲ್ಲ! ಅರ್ಥ್ ವೈರ್ ಯಾರಾದ್ರೂ ಬಿಚ್ಚಿದ್ರಾ?" ಎಂದರು ತಾತ.

"ಯಾರು ಬಿಚ್ತಾರೆ? ಗಟ್ಟಿಯಾಗೇ ಇದೆಯಲ್ಲ."

ತಾತ ಎಳೆದು ನೋಡಿದರು. ನಿಜ, ವೈರ್ ಗಟ್ಟಿಯಾಗೇ ಇತ್ತು.

ದಡದ ಮೆಟ್ಟಿಲ ಮೇಲೆ ಸ್ಕೂಲ್ ಬ್ಯಾಗ್ ಹೊತ್ತು ನಿಂತಿದ್ದ ಪಟಾಕಿ ಒಂದು ಹೆಜ್ಜೆ ಹಿಂದೆ ಸರಿದಳು. ಅರಳು ಹುರಿದ ಹಾಗೆ ಮಾತಾಡುತ್ತಾಳೆಂದು ಅಪ್ಪನೇ ಮಗಳಿಗೆ ಇಟ್ಟ ಹೆಸರು ಅದು. ಇವತ್ತು ಮಾತ್ರ ಅವಳ ಬಾಯಿಗೆ ಬೀಗ ಬಿದ್ದಿತ್ತು.

ಬಿಚ್ಚಿದ್ದು ಅವಳೇ.

ಮನೆಯ ನಲ್ಲಿ ಸೋರಿದಾಗ ಅಪ್ಪ ಒಳಗೊಂದು ರಬ್ಬರ್ ಬಿಲ್ಲೆ ಇಟ್ಟು ಬಿಗಿ ಮಾಡಿದ್ದರು. ನಿನ್ನೆ ಬ್ಯಾಟರಿಯಿಂದ ಎಂಜಿನ್‌ಗೆ ಬರುವ ಅರ್ಥ್ ವೈರ್ ಸಡಿಲವಾಗಿದ್ದು ಕಂಡಾಗ ಪಟಾಕಿಗೆ ಅದೇ ನೆನಪಾಯಿತು. ಹಳೇ ಸೈಕಲ್ ಟ್ಯೂಬಿನಿಂದ ಒಂದು ಬಿಲ್ಲೆ ಕತ್ತರಿಸಿ, ವೈರಿನ ಕೆಳಗಿಟ್ಟು, ಬೋಲ್ಟ್ ಬಿಗಿದಿದ್ದಳು. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ ಎಂದು ಸೈನ್ಸ್ ಮಿಸ್ ಹೇಳಿದ್ದು ಈಗ ನೆನಪಾಗಬೇಕೇ!

ಹೇಳಿಬಿಡಲೇ? ಆದರೆ ಎಂಜಿನ್ ಮುಟ್ಟಬಾರದು ಎಂದು ಅಪ್ಪ ನೂರು ಸಲ ಹೇಳಿದ್ದರು.

"ಕಣ್ಣು ಕಾಣಲ್ಲ ಅಂದ್ರೆ ಕೆಲಸ ಯಾಕೆ ಒಪ್ಕೋತೀರಿ?" ಅಪ್ಪನ ದನಿ ಏರಿತು. "ಇನ್ಮೇಲೆ ಬೇರೆಯವರ ಹತ್ರ ಮಾಡಿಸ್ಕೋತೀನಿ."

ತಾತನ ಮುಖ ಚಿಕ್ಕದಾಯಿತು. "ತಗೊಂಡು ಹೋಗಿ ಇನ್ನೊಂದು ಸಲ ನೋಡ್ತೀನಪ್ಪ," ಎಂದು ಸ್ಟಾರ್ಟರನ್ನು ಮತ್ತೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಪಟಾಕಿ ಸ್ಕೂಲಿಗೆ ಓಡಿದಳು.

ಇಡೀ ದಿನ ಅವಳಿಗೆ ಪಾಠ ತಲೆಗೆ ಹತ್ತಲಿಲ್ಲ. ಸಂಜೆ ಮನೆಗೆ ಬಂದವಳೇ ಅಪ್ಪನ ಮುಂದೆ ಅಳುತ್ತಾ ಎಲ್ಲ ಹೇಳಿದಳು. ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದಳು. ಅವರು ಬೈಯಲಿಲ್ಲ. ದೋಣಿಗೆ ಹೋಗಿ ಬೋಲ್ಟ್ ಬಿಚ್ಚಿ, ಆ ಕಪ್ಪು ಬಿಲ್ಲೆ ತೆಗೆದು ಮಗಳ ಕೈಗೆ ಕೊಟ್ಟರು.

"ಛೆ! ಎಂಥಾ ಮಾತು ಅಂದುಬಿಟ್ಟೆ," ಅಂದರು. "ನಡಿ, ಹೋಗೋಣ."

ತಾತನ ಶೆಡ್ಡಿನಲ್ಲಿ ಸ್ಟಾರ್ಟರ್ ತುಂಡು ತುಂಡಾಗಿ ಪೇಪರ್ ಮೇಲೆ ಹರಡಿಕೊಂಡಿತ್ತು. ಪಕ್ಕದಲ್ಲಿ ಮುಚ್ಚಳ ತೆಗೆಯದ ಊಟದ ಡಬ್ಬಿ ಇತ್ತು.

"ಬಂದ್ಯಾ? ಮೂರು ಸಲ ಬಿಚ್ಚಿದೆ, ಇನ್ನೂ ಸಿಕ್ಕಿಲ್ಲ. ಎಲ್ಲೋ ನಾನೇ ತಪ್ಪಿದೀನಿ. ನೀನು ಹೇಳಿದ್ದು ಸರಿ ಕಣಪ್ಪ, ಕಣ್ಣು ಮೊದಲಿನ ಹಾಗಿಲ್ಲ."

ಅಪ್ಪ ತಲೆ ತಗ್ಗಿಸಿದರು. ಪಟಾಕಿ ಬಿಲ್ಲೆಯನ್ನು ಮುಂದೆ ಹಿಡಿದಳು.

"ನಿಮ್ದೇನೂ ತಪ್ಪಿಲ್ಲ ತಾತ. ಅರ್ಥ್ ವೈರ್ ಕೆಳಗೆ ಇದನ್ನ ಇಟ್ಟಿದ್ದು ನಾನು. ನೀವು ಕೇಳಿದಾಗ ಹೇಳ್ಲಿಲ್ಲ."

"ನನ್ನನ್ನ ಕ್ಷಮಿಸ್ಬಿಡಿ ಮೇಸ್ತ್ರಿಗಳೇ," ಅಂದರು ಅಪ್ಪ.

"ಅಷ್ಟೇನಾ! ಬಿಡಿ ಬಿಡಿ," ತಾತ ನಕ್ಕುಬಿಟ್ಟರು. ಪಟಾಕಿಗೆ ಜೀವ ಬಂದ ಹಾಗಾಯಿತು.

ತಾತ ಸ್ಟಾರ್ಟರನ್ನು ಜೋಡಿಸತೊಡಗಿದರು. ಮೊದಲ ಸ್ಕ್ರೂ ಬಿಗಿದು, ಕಣ್ಣಿನ ಹತ್ತಿರ ತಂದು ನೋಡಿದರು.

"ಸರಿಯಾಗಿ ಕೂತಿದೆಯಾ, ಸ್ವಲ್ಪ ನೋಡಮ್ಮ."

ತಾತ ಹೀಗೆ ಯಾರನ್ನೂ ಕೇಳಿದ್ದನ್ನು ಅವಳು ಕಂಡಿರಲಿಲ್ಲ. ಸ್ಕ್ರೂ ಸರಿಯಾಗಿಯೇ ಇತ್ತು.

"ಸರಿಯಾಗಿದೆ ತಾತ."

ಆದರೂ ಅವರು ಅದನ್ನು ಬೆರಳಿನಿಂದ ಮತ್ತೊಮ್ಮೆ ಮುಟ್ಟಿ ನೋಡಿದರು. ಎರಡನೇ ಸ್ಕ್ರೂ ಬಿಗಿದ ಮೇಲೂ ಅವಳ ಕಡೆ ತಿರುಗಿದರು.

ಪಟಾಕಿ ಅವರ ಪಕ್ಕದಲ್ಲೇ ಕೂತಳು. ಪ್ರತಿ ಸ್ಕ್ರೂಗೂ, ಅವರು ಕೇಳುವ ಮೊದಲೇ, "ಸರಿಯಾಗಿದೆ ತಾತ," ಎನ್ನುತ್ತಾ ಹೋದಳು.