ಹೆಗಲಿಂದಿಳಿದ ಮರಿ

ಇವತ್ತೇ ಹಿರೇಗುಂಟನೂರಿಗೆ ಬಂದರೆ ಆ ಕುರಿಮರಿಯನ್ನು ನಿಮಗೆ ತೋರಿಸಬಲ್ಲೆ. ನಾಳೆಯ ಮಾತು ಗೊತ್ತಿಲ್ಲ.

ನಮ್ಮ ಕುರಿ ರೊಪ್ಪದ ಬಾಗಿಲಿಗೆ ಅಜ್ಜಿ ಚಿತ್ತಮ್ಮ ಹಳೆಯ ತಾಮ್ರದ ನಾಣ್ಯವೊಂದನ್ನು ಕಟ್ಟಿದ್ದಾಳೆ. ಅದರಲ್ಲಿ ಹೆಗಲ ಮೇಲೆ ಮರಿ ಹೊತ್ತ ಗಂಡಸಿದ್ದ. ಚಿತ್ರದುರ್ಗದಲ್ಲಿ ಇತಿಹಾಸ ಪಾಠ ಮಾಡುವ ತಂಗಿ ಪ್ರೀತಿ ಅದನ್ನು ನೋಡಿ, ಇದು ರೋಮನ್ನರು ಆಳುತ್ತಿದ್ದ ಯಾವುದೋ ಗ್ರೀಕ್ ಊರಿನ ನಾಣ್ಯ, ಇವನು ಅಲ್ಲಿನ ದೇವರು ಹರ್ಮಿಸ್ ಎಂದಳು.

"ಯಾವೂರ ದೇವ್ರಾದ್ರೇನವ್ವ, ಕುರಿ ಹೊತ್ತಾನಲ್ಲ, ನಮ್ಮೋನೇ," ಎಂದ ಅಜ್ಜಿ ದಿನಾ ಅವನಿಗೆ ಅರಿಶಿನ ಹಚ್ಚುತ್ತಿದ್ದಳು.

ನಾವು ಕುರಿ ಎಣಿಸುವುದಿಲ್ಲ. ಎಣಿಸಿದರೆ ಮಂದೆ ಕರಗುತ್ತದಂತೆ. ಸಂಜೆ ಮಂದೆ ಬಂದಾಗ ಮರಿಗಳನ್ನು ಬಿಟ್ಟರೆ ಸಾಕು, ಅರಚುತ್ತ ಓಡಿ ತಂತಮ್ಮ ತಾಯಿಯ ಕೆಚ್ಚಲಿಗೆ ಬೀಳುತ್ತವೆ. ಆ ಗದ್ದಲವೇ ನಮಗೊಂದು ಹಬ್ಬ. ಯುಗಾದಿಯ ಮಾರನೇ ದಿನ ಎಲ್ಲ ಮರಿಗಳೂ ತಾಯಿ ಸೇರಿದ ಮೇಲೆ ಒಂದು ಬಿಳಿ ಮರಿ ಉಳಿಯಿತು. ಎತ್ತಿಕೊಂಡೆ. ಅಂಥ ಸೆಕೆಯಲ್ಲೂ ಮೈ ತಾಮ್ರದ ಚೊಂಬಿನಂತೆ ತಣ್ಣಗಿತ್ತು. ಉಣ್ಣೆಯಲ್ಲಿ ಅರಿಶಿನದ ವಾಸನೆ. ಬಾಗಿಲ ಕಡೆ ತಿರುಗಿದೆ. ನಾಣ್ಯದ ಗಂಡಸಿನ ಹೆಗಲು ಖಾಲಿಯಾಗಿತ್ತು.

ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಳು. "ಲೇ ಯೋಗೇಶ, ಹೆದ್ರಬ್ಯಾಡ. ಹೊತ್ತೋನು ಕೇಳಾಕೆ ಬಂದ್ರೆ ಕೊಡಾಣ. ಅಲ್ಲೀತಂಕ ಹಾಲು ಕುಡೀಲಿ."

ಪರರ ಮರಿಯನ್ನು ಹತ್ತಿರ ಸೇರಿಸದ ಕುರಿಗಳೆಲ್ಲ ಅದಕ್ಕೆ ನಿಂತು ಹಾಲು ಕೊಟ್ಟವು.

ಈ ಸಂಜೆ ಅರಿಶಿನ ಹಚ್ಚಲು ಹೋದ ಅಜ್ಜಿ ನನ್ನನ್ನು ಕೂಗಿದಳು. ನಾಣ್ಯ ನುಣ್ಣಗಿತ್ತು, ಅದರಲ್ಲೀಗ ಗಂಡಸೂ ಇಲ್ಲ. ಅಜ್ಜಿ ಒಳಗೆ ಮುದ್ದೆ ಒಂದು ಹೆಚ್ಚಿಗೆ ಕಟ್ಟುತ್ತಿದ್ದಾಳೆ. ಗುರುತಿಲ್ಲದವರನ್ನು ಕಂಡರೆ ಎಗರುವ ನಮ್ಮ ನಾಯಿ ಖಾಲಿ ದಾರಿಯ ಕಡೆ ನೋಡಿ ಬಾಲ ಅಲ್ಲಾಡಿಸುತ್ತಿದೆ.