ಮಂದಾಕಿನಿ ಕಸಿದ ಚಾವಿ

"ಚಾವಿ ಕೊಡು, ಮಂದಾಕಿನಿ!"

"ಕೊಡೂದಿಲ್ಲ! ಬೇಕಂದ್ರ ಮಂದಿ ಮುಂದ ನನ್ನ ಕಾಲ್ ಹಿಡಿ!"

ಹಳೇ ಹುಬ್ಬಳ್ಳಿಯ ಆ ಓಣಿಗೆ ವಾರಕ್ಕೊಮ್ಮೆ ನೀರು. ಬಿಡುವವನು ಹುಲಗೇಶ. ವಾಲ್ವ್ ತಿರುಗಿಸುವ ಅವನ ಉದ್ದನೆಯ ಕಬ್ಬಿಣದ ಚಾವಿಯನ್ನು ಕಸಿದುಕೊಂಡು, ವಾಲ್ವಿನ ಗುಂಡಿಯ ಮುಚ್ಚಳದ ಮೇಲೆಯೇ ಕುಳಿತುಬಿಟ್ಟಿದ್ದಳು ಮಂದಾಕಿನಿ. ಅಬ್ಬಾ, ಏನು ಹಟ! ಕೊಡ ಹಿಡಿದ ಹೆಂಗಸರು ಬೈಯುತ್ತಿದ್ದರೂ ಕದಲಲಿಲ್ಲ.

ಮಹದಾಯಿಗಾಗಿ ರಾಜ್ಯ ರಾಜ್ಯಗಳು ಜಗಳಾಡಲಿ. ಇಲ್ಲಿ ಮಲಪ್ರಭೆಯ ಒಂದು ಪೈಪಿಗಾಗಿ ಎರಡು ಓಣಿಗಳೇ ಕಚ್ಚಾಡುತ್ತಿದ್ದವು.

ಹೋದ ವಾರ ಅವಳ ತಂಗಿಯ ನಿಶ್ಚಯದ ದಿನವೇ ಹುಲಗೇಶ ವಾಲ್ವ್ ಬಂದ್ ಮಾಡಿದ್ದ. ಬೀಗರಿಗೆ ಕೈ ತೊಳೆಯಲೂ ನೀರಿಲ್ಲ! ಮುನಿಸಿಕೊಂಡು ಎದ್ದು ಹೋದರು. ಅದಕ್ಕೂ ಮುಂಚೆ ಹುಲಗೇಶ ಮಂದಾಕಿನಿಯನ್ನು ಮದುವೆಗೆ ಕೇಳಲು ಬಂದಾಗ, ಅಪ್ಪ ಶಂಭುಲಿಂಗ ಜಾತಿ ಎತ್ತಿ ಹೊಸ್ತಿಲಿನಿಂದಲೇ ಅಟ್ಟಿದ್ದ.

'ಅಪ್ಪನ ಮ್ಯಾಲಿನ ಸಿಟ್ಟು ತಂಗಿ ಮ್ಯಾಲ ತೀರಿಸ್ಕೊಂಡ... ಇಂಥಾವನಿಗಾ ನಾ ಜೀವಾ ಬಿಟ್ಟದ್ದು?'

"ಬಂದ್ ಮಾಡಿದ್ದು ನೀನ ಹೌದಲ್ಲೋ?"

"ಹೌದು."

"ಯಾಕ?"

ಹುಲಗೇಶ ಅವಳ ಮನೆಯ ಬಾಗಿಲತ್ತ ಒಮ್ಮೆ ನೋಡಿ, ಮತ್ತೆ ಚಾವಿಗೆ ಕೈ ಚಾಚಿದ. ಅವಳಿಗೆ ಮೈಯೆಲ್ಲ ಉರಿಯಿತು.

ಎದುರು ಮನೆಯ ದುರಗವ್ವನಿಗೆ ತಡೆಯಲಾಗಲಿಲ್ಲ. "ಅಂವ ಹೇಳೂದಿಲ್ಲ, ನಾ ಹೇಳತೇನಿ! ಮ್ಯಾಲಿನ ಓಣಿಯವರು ಕದ್ದು ಮೋಟರ್ ಹಚ್ಚಾಕ ಹೋಗಿ ಪೈಪ್ ಒಡದ್ರು. ಗಟಾರ ನೀರು ಸೇರಾಕತ್ತಿತ್ತು. ಅದಕ್ಕ ಬಂದ್ ಮಾಡಿದ. ಲಗೂ ಟ್ಯಾಂಕರ್ ತರಿಸ್ರಿ ಅಂತ ನಿಮ್ಮಪ್ಪಗ ಹೇಳೇ ಹೋದ. ನಾ ಕಟ್ಟಿ ಮ್ಯಾಲ ಕುಂತು ಕೇಳೇನಿ!"

ಮಂದಾಕಿನಿ ತಿರುಗಿ ನೋಡಿದಳು. ಬಾಗಿಲಲ್ಲಿದ್ದ ಶಂಭುಲಿಂಗ ತಲೆ ತಗ್ಗಿಸಿದ.

"ಅವನ ಮಾತು ನಾ ಕೇಳಬೇಕಾ ಅನ್ನಿಸ್ತವ್ವಾ..."

ಛೇ! ಅವಳಿಗೆ ನಾಚಿಕೆಯಾಯಿತು, ಅಳು ಬಂತು.

"ನನಗರ ಹೇಳಬಾರದಿತ್ತೇನೋ, ಹುಲಗೇಶ?"

"ನಿನ್ನ ಮುಂದ ನಿಮ್ಮಪ್ಪನ್ನ ಸಣ್ಣಾಂವನ್ನ ಮಾಡ್ಲಾ?"

ಮಂದಾಕಿನಿ ಕಣ್ಣೊರೆಸಿಕೊಂಡು ಎದ್ದಳು. ಸೇಡು ಇನ್ನೂ ತೀರಿರಲಿಲ್ಲ. ಯಾರ ಮೇಲೆ ಎಂಬುದಷ್ಟೇ ಬದಲಾಗಿತ್ತು.

"ಅಪ್ಪಾ, ನಾಳಿ ಬೀಗರ ಮನಿಗೆ ಹೋಗಿ ಖರೇ ಹೇಳಬೇಕು. ಮತ್ತ ಈ ಚಾವಿ ನೀನ ಅವನ ಕೈಯಾಗ ಕೊಡಬೇಕು, ಎಲ್ಲಾರ ಮುಂದ. ಇಷ್ಟ ನನ್ನ ಸೇಡು."

ಓಣಿಗೆ ಓಣಿಯೇ ನೋಡುತ್ತಿತ್ತು. ಶಂಭುಲಿಂಗ ನಿಧಾನವಾಗಿ ಬಂದು, ಮಗಳ ಕೈಯಿಂದ ಚಾವಿ ತೆಗೆದುಕೊಂಡು ಹುಲಗೇಶನಿಗೆ ಕೊಟ್ಟ. ಕೊಡುವಾಗ ಕೈಗೆ ಕೈ ತಾಗಿತು. ಶಂಭುಲಿಂಗ ಕೈ ಎಳೆದುಕೊಳ್ಳಲಿಲ್ಲ.

ಹುಲಗೇಶ ಗುಂಡಿಯೊಳಗೆ ಚಾವಿ ಇಳಿಸಿದ. ಅದರ ಇನ್ನೊಂದು ಹಿಡಿಯನ್ನು ಮಂದಾಕಿನಿ ಹಿಡಿದುಕೊಂಡಳು.

"ಬಿಡು, ಬಿಗಿ ಐತಿ."

"ಬಿಡೂದಿಲ್ಲ ಹೋಗ!"

ಇಬ್ಬರೂ ಸೇರಿ ತಿರುಗಿಸಿದರು. ನೀರು ಪೈಪಿಗೆ ನುಗ್ಗಿತು. ಹೆಂಗಸರು ಕೊಡ ಎತ್ತಿಕೊಂಡು ಓಡಿದರು.

"ಇನ್ನೂ ಕಾಲ್ ಹಿಡೀಬೇಕೇನು ನಿಂದು?" ಹುಲಗೇಶ ಮೆಲ್ಲಗೆ ಕೇಳಿದ.

"ಬ್ಯಾಡ..." ಎಂದಳು ಮಂದಾಕಿನಿ. "ಕೈ ಹಿಡಿ."