ಪಾಲಿಗೆ ಹೋದ ಕೆಂಪಿ

“ಏಯ್ ಪೈಲಟ್! ಬಿಡೋ! ಬಿಡೋ ಅಂದ್ರೆ!”

ಬಾಯಿ ತುಂಬ ಪೇಸ್ಟಿನ ನೊರೆ, ಕೈಯಲ್ಲಿ ಬ್ರಷ್, ಕಾಲಲ್ಲಿ ಒಂದೇ ಚಪ್ಪಲಿ. ಅಕ್ಷತ ಹಿತ್ತಲ ಉದ್ದಕ್ಕೂ ಓಡಿದಳು. ಪೈಲಟ್ ನಾಯಿ ಓಟದಲ್ಲಿ ಅವಳಿಗಿಂತ ಜೋರು. ಕೋಳಿಮರಿಯನ್ನು ಕಚ್ಚಿಕೊಂಡು ಬೇಲಿ ಹಾರಿ ಪಕ್ಕದ ಮನೆ ಸೇರಿಬಿಟ್ಟಿತು.

ಕೆಂಪಿ ಕೋಳಿ ರೆಕ್ಕೆ ಕೆದರಿಕೊಂಡು ಅರಚುತ್ತಿತ್ತು. ಅಕ್ಷತ ಮರಿಗಳನ್ನು ಎಣಿಸಿದಳು. ಆರು. ಮತ್ತೆ ಎಣಿಸಿದಳು. ಆಗಲೂ ಆರೇ.

ಕೆಂಪಿಯನ್ನು ಕಾವಿಗೆ ಕೂರಿಸಿದವಳು ಅವಳೇ. ಇಪ್ಪತ್ತೊಂದು ದಿನ ಸ್ಕೂಲಿಂದ ಬಂದ ತಕ್ಷಣ ಬ್ಯಾಗ್ ಎಸೆದು ಬುಟ್ಟಿಯ ಮುಂದೆ ಕೂತವಳೂ ಅವಳೇ. ಒಂಬತ್ತು ಮರಿಗಳಾಗಿದ್ದವು. ಹೋದ ವಾರ ಪೈಲಟ್ ಎರಡನ್ನು ತಿಂದಿತ್ತು. ಈಗ ಇನ್ನೊಂದು.

“ಇನ್ನೊಂದೇ ಒಂದು ಮರಿ ಹೋಗ್ಲಿ, ನೋಡ್ತಿರು,” ಎಂದಳು ಅಮ್ಮ, ಹುಳುಮನೆಯ ಬಾಗಿಲಲ್ಲಿ ಸೊಪ್ಪಿನ ಹೊರೆ ಇಳಿಸುತ್ತ. ಅವರದು ರೇಷ್ಮೆ ಹುಳು ಸಾಕುವ ಮನೆ. “ಭಾನುವಾರ ಬೈಕಲ್ಲಿ ಕೋಳಿ ವ್ಯಾಪಾರದವ್ನು ಬರ್ತಾನಲ್ಲ, ತಾಯಿ ಮರಿ ಎಲ್ಲಾನೂ ಅವನಿಗೇ ಕೊಟ್ಬಿಡ್ತೀನಿ. ಪಕ್ಕದ ಮನೆ ನಾಯಿಗೆ ನಾವ್ಯಾಕೆ ಸಾಕ್ಬೇಕು?”

“ಇನ್ನೊಂದು ಹೋಗಲ್ಲ ಬಿಡಮ್ಮ. ನಾನಿದೀನಲ್ಲ.”

ಅಕ್ಷತ ಐದನೇ ಕ್ಲಾಸಿನ ಲೀಡರ್. ಇಪ್ಪತ್ತೆರಡು ಮಕ್ಕಳನ್ನು ಗದರಿಸಿ ಸಾಲಾಗಿ ನಿಲ್ಲಿಸುವವಳಿಗೆ ಒಂದು ನಾಯಿ ಯಾವ ಲೆಕ್ಕ? ಬಾಯಿ ತೊಳೆಯದೆಯೇ ಪಕ್ಕದ ಮನೆಗೆ ಹೊರಟಳು.

ಬೈಲಪ್ಪ ದೊಡ್ಡಪ್ಪ ಜಗಲಿಯಲ್ಲಿ ಕೂತು ಟೀಗೆ ಬನ್ನು ಅದ್ದಿ ತಿನ್ನುತ್ತಿದ್ದರು. ಪೈಲಟ್ ಅವರ ಕಾಲ ಬಳಿ ಮಹಾ ಸಾಧುವಿನಂತೆ ಮಲಗಿತ್ತು. ಅವರ ಮಗ ಅಂಬರೀಶ್ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ನಾಯಿ ತಂದು ಆ ಹೆಸರಿಟ್ಟವನು ಅವನೇ.

“ದೊಡ್ಡಪ್ಪ, ನಿಮ್ ಪೈಲಟ್ ನಮ್ ಕೋಳಿಮರಿ ತಿಂತು.”

“ನಮ್ ಪೈಲಟ್ಟಾ? ಏ, ಇಲ್ಲ ಕಣವ್ವ. ಅವ್ನು ಬಿಸ್ಕೆಟ್ ಬಿಟ್ರೆ ಬೇರೆ ಏನೂ ಮೂಸಿ ಸೈತ ನೋಡಲ್ಲ. ಹದ್ದು ಹೊಡ್ಕೊಂಡ್ ಹೋಗಿರ್ತದೆ.”

“ಹಂಗಾದ್ರೆ ಪುಕ್ಕ ಹದ್ದಿನ ಮೂತಿ ಮೇಲೆ ಇರ್ಬೇಕಿತ್ತು.”

ಬೈಲಪ್ಪ ಬಗ್ಗಿ ನೋಡಿದರು. ಪೈಲಟ್‌ನ ಕಪ್ಪು ಮೂತಿಗೆ ಹಳದಿ ಪುಕ್ಕವೊಂದು ಅಂಟಿಕೊಂಡಿತ್ತು. ಅದನ್ನು ಟವೆಲಿನಿಂದ ಒರೆಸಿ, ಏನೂ ನೋಡದವರಂತೆ ಟೀ ಲೋಟ ಎತ್ತಿಕೊಂಡರು.

“ಮೂಕ ಪ್ರಾಣಿ ಕಣವ್ವ. ಕಟ್ಟಾಕಿದ್ರೆ ಊಟಾನೇ ಮಾಡಲ್ಲ, ಅಳ್ತಾನೆ. ನಿಮ್ ಕೋಳಿ ನೀವು ಹುಷಾರಾಗಿ ನೋಡ್ಕೋಬೇಕಪ್ಪ.”

ಅಕ್ಷತಳಿಗೆ ಮೈಯೆಲ್ಲ ಉರಿಯಿತು. ಮರಿ ಕಳೆದುಕೊಂಡವಳು ತಾನು, ಬುದ್ಧಿವಾದವೂ ತನಗೇ!

ಸಂಜೆ ಅವಳು ಹುಳುಮನೆಯ ಹಿಂದಿನಿಂದ ನಾಲ್ಕು ಚಂದ್ರಿಕೆ ಎಳೆದು ತಂದಳು. ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. ನಿಲ್ಲಿಸಿದರೆ ಅವಳಿಗಿಂತ ಎತ್ತರ. ನಾಲ್ಕನ್ನೂ ನಿಲ್ಲಿಸಿ ಹಗ್ಗದಿಂದ ಬಿಗಿದಳು. ಕೆಂಪಿ ಮತ್ತು ಮರಿಗಳಿಗೆ ಕೋಟೆ ಸಿದ್ಧವಾಯಿತು. ಬೆಳಗ್ಗೆ ಪೈಲಟ್ ಸುತ್ತ ಮೂರು ಸಲ ಮೂಸಿ, ಪೆಚ್ಚು ಮೋರೆ ಹಾಕಿಕೊಂಡು ಹೋಯಿತು. ಅಕ್ಷತ ಕುಣಿದೇಬಿಟ್ಟಳು.

ಕುಣಿತ ಮಧ್ಯಾಹ್ನದವರೆಗೆ ಮಾತ್ರ.

“ನನ್ ಚಂದ್ರಿಕೆ ಯಾರೇ ತಗೊಂಡಿದ್ದು?” ಅಮ್ಮನ ಕೂಗು ಬೀದಿಗೆಲ್ಲ ಕೇಳಿತು. “ಹುಳ ಹಣ್ಣಾಗಿ ನಿಂತವೆ! ಇವತ್ತೇ ಚಂದ್ರಿಕೆಗೆ ಬಿಡ್ಬೇಕು. ಅದರ ಮೇಲೆ ಕೋಳಿ ಹಿಕ್ಕೆ ಬೇರೆ!”

ಹಣ್ಣಾಗಿ ಗೂಡು ಕಟ್ಟಲು ನಿಂತ ಹುಳು ಹೆಚ್ಚು ಹೊತ್ತು ಕಾಯುವುದಿಲ್ಲ. ಅದು ಅಕ್ಷತಳಿಗೂ ಗೊತ್ತು. ಕೋಟೆ ಬಿಚ್ಚಿದಳು, ಚಂದ್ರಿಕೆ ತೊಳೆದಳು, ಬಿಸಿಲಿಗೆ ಒಣಗಿಸಿದಳು. ಅಷ್ಟು ಹೊತ್ತೂ ಬೇಲಿಯಾಚೆ ಪೈಲಟ್ ಬಾಲ ಅಲ್ಲಾಡಿಸುತ್ತ ಕೂತಿತ್ತು.

ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು.

“ಅಜ್ಜಿ, ನಾಯಿಗಳಿಗೆ ಕೋಳಿ ಕಂಡ್ರೆ ಸುಮ್ನೆ ಇರೋಕೇ ಆಗಲ್ವಾ?”

“ಯಾಕಾಗಲ್ಲ? ನಮ್ಮನೇಲೂ ಒಂದು ನಾಯಿ ಇತ್ತು. ಮರಿಗಳು ಅದರ ಬೆನ್ ಮೇಲೇ ಹತ್ತಿ ಕೂರೋವು. ಚಿಕ್ಕದ್ರಲ್ಲಿ ಎರಡು ಸಲ ಗದರಿಸಿದ್ವಿ, ಮನೆ ಕೋಳಿ ಅಂತ ತಿಳ್ಕೊಂತು, ಅಷ್ಟೇ. ಬೈಲಪ್ಪನ ಮನೆ ಕೋಳಿಯೆಲ್ಲ ಹೋದ್ವರ್ಷ ರೋಗಕ್ಕೆ ಹೋದ್ವಲ್ಲ. ಈ ಪೈಲಟ್ ಬಂದಿದ್ದು ಆಮೇಲೆ. ಪಾಪ, ಇದಕ್ಕೆ ಯಾರು ಹೇಳ್ಕೊಟ್ಟವ್ರೆ?”

ಅಕ್ಷತ ತಾನೂ ಅವರೆಕಾಯಿ ಬಿಡಿಸತೊಡಗಿದಳು. ಬೇಲಿಯ ಕಡೆ ನೋಡಿ ಕೇಳಿದಳು.

“ಕೆಂಪೀನ ಅವರಿಗೆ ಪಾಲಿಗೆ ಕೊಟ್ರೆ?”

ಪಾಲಿಗೆ ಕೊಡುವುದು ಆ ಊರಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ನಿಮ್ಮ ಕೋಳಿಯನ್ನು ಇನ್ನೊಬ್ಬರು ಸಾಕುತ್ತಾರೆ. ಮರಿ ದೊಡ್ಡವಾದ ಮೇಲೆ ಅರ್ಧ ನಿಮಗೆ, ಅರ್ಧ ಅವರಿಗೆ.

ಅಜ್ಜಿ ನಕ್ಕಳು. “ಕುರಿ ಕಾಯಾಕೆ ತೋಳನ್ನ ಬಿಟ್ಟಂಗಾಯ್ತು ನೋಡು!” ಆಮೇಲೆ ನಗು ನಿಲ್ಲಿಸಿ ಮೊಮ್ಮಗಳನ್ನು ನೋಡಿದಳು. “ಕೊಟ್ಬಿಟ್ಟು ಇರ್ತೀಯೇನೇ?”

ಇರುವುದು ಕಷ್ಟವೇ. ಆದರೆ ಭಾನುವಾರ ಬೈಕಿನ ಬುಟ್ಟಿಯಲ್ಲಿ ಕೆಂಪಿ ಹೋಗುವುದನ್ನು ನೋಡುವುದು ಇನ್ನೂ ಕಷ್ಟ. ಅಕ್ಷತ ಅಮ್ಮನಿಗೆ ಹೇಳಿ ಒಪ್ಪಿಸಿ, ಕೆಂಪಿಯನ್ನು ಕಂಕುಳಲ್ಲಿ ಅವುಚಿ, ಮರಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೊರಟಳು.

ಬೈಲಪ್ಪನವರ ಹೆಂಡತಿ ಮುನಿತಾಯಮ್ಮ ಬುಟ್ಟಿಯೊಳಗೆ ನೋಡಿ ಕಣ್ಣರಳಿಸಿದರು. “ನಾಟಿ ಕೋಳಿ! ಪಾಲಿಗಾ? ನಂಗಾ?”

“ಹೂಂ ದೊಡ್ಡಮ್ಮ. ಅರ್ಧ ನಿಮ್ಗೆ. ಆದ್ರೆ ಒಂದ್ ಮರಿ ಹೋದ್ರೂ ನಿಮ್ ಪಾಲಲ್ಲೇ ಹೋಗೋದು. ಈಗ್ಲೇ ಹೇಳಿದೀನಿ.”

“ಅಬ್ಬಬ್ಬಾ, ಲಾಯರಮ್ಮ!” ಎಂದವರೇ ಮುನಿತಾಯಮ್ಮ ಜಗಲಿಯ ಕಡೆ ತಿರುಗಿದರು. “ರೀ! ಮೊದ್ಲು ಆ ನಾಯೀನ ಕಟ್ರೀ!”

ಬೈಲಪ್ಪ ಎದ್ದು ಸರಪಳಿ ಹುಡುಕಿದರು.

ಹೊಸ ಮನೆ ಅಭ್ಯಾಸವಾಗಲೆಂದು ಮೂರು ದಿನ ಕೆಂಪಿ, ಮರಿಗಳ ಮೇಲೆ ಮಂಕರಿ ಬುಟ್ಟಿ ಕವುಚಿಟ್ಟರು. “ನಿನ್ ದನಿ ಕೇಳಿದ್ರೆ ಅದು ಅಲ್ಲಿ ನಿಲ್ಲಲ್ಲ,” ಎಂದಳು ಅಜ್ಜಿ. ಹಾಗಾಗಿ ಅಕ್ಷತ ಹಿತ್ತಲಲ್ಲಿ ಪಿಸುಮಾತು ಸಹ ಆಡಲಿಲ್ಲ. ಜೀವನದಲ್ಲೇ ಅವಳು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು. ಬೇಲಿಯ ಸಂದಿಯಿಂದ ನೋಡುವುದನ್ನು ಮಾತ್ರ ಬಿಡಲಿಲ್ಲ.

ನಾಲ್ಕನೇ ದಿನ ಮಂಕರಿ ಎತ್ತಿದರು. ಬೈಲಪ್ಪ ಪೈಲಟ್‌ನ ಸರಪಳಿ ಹಿಡಿದು ನಿಂತಿದ್ದರು. ಒಂದು ಮರಿ ಪೈಲಟ್‌ನ ಮೂತಿಯ ಮುಂದೆಯೇ ಹಾದುಹೋಯಿತು. ಪೈಲಟ್ ಬಗ್ಗಿತು. ಅಕ್ಷತ ಬೇಲಿಯ ಸಂದಿಗೆ ಮೂಗು ಒತ್ತಿದಳು.

“ಪೈಲಟ್!” ಮುನಿತಾಯಮ್ಮ ಗುಡುಗಿದರು. “ಮುಟ್ಟಿದ್ರೆ ಇವತ್ತು ಮುದ್ದೆ ಕಟ್!”

ಪೈಲಟ್ ಬೆಚ್ಚಿಬಿದ್ದು ಬೇರೆ ಕಡೆ ಮುಖ ತಿರುಗಿಸಿತು. ಮರುದಿನ ಮತ್ತೆ ಅದೇ ಪಾಠ. ಅದರ ಮರುದಿನವೂ. ಪೈಲಟ್ ಅಕ್ಷತಳ ಕ್ಲಾಸಿನ ಕೆಲವು ಹುಡುಗರಿಗಿಂತ ಬೇಗ ಕಲಿಯಿತು. ವಾರ ಕಳೆಯುವಷ್ಟರಲ್ಲಿ ಸರಪಳಿ ಬಿಚ್ಚಿದರೂ ಮರಿಗಳ ಪಕ್ಕದಲ್ಲಿ ಸುಮ್ಮನೆ ಮಲಗತೊಡಗಿತು.

ಒಂದು ಸಂಜೆ ಕೆಂಪಿ ಬೇಲಿ ದಾಟಿ ಬಂದಿತು. ಅಕ್ಷತ ಖುಷಿಯಿಂದ, “ಬಾ ಬಾ ಬಾ,” ಎಂದು ಕಾಳು ಚೆಲ್ಲಿದಳು. ಕೆಂಪಿ ತಿಂದಿತು. ಅಷ್ಟರಲ್ಲಿ ಆಚೆಯಿಂದ ಮುನಿತಾಯಮ್ಮ ಕರೆದರು. ಕೆಂಪಿ ತಿರುಗಿಯೂ ನೋಡದೆ ಮರಿಗಳನ್ನು ಕಟ್ಟಿಕೊಂಡು ಆ ಮನೆಗೆ ಹೋಯಿತು. ಅಕ್ಷತಳಿಗೆ ಅಳು ಬಂತು. ಎಷ್ಟೇ ಲೀಡರ್ ಆದರೂ ಅಳು ಅಳುವೇ ತಾನೇ.

ಅದಾದ ಮುಂದಿನ ಭಾನುವಾರ ಅವಳು ಬೀದಿಯ ನಲ್ಲಿಯಲ್ಲಿ ಬಿಂದಿಗೆ ಹಿಡಿದಿದ್ದಳು. ಕೆಂಪಿ ಮರಿಗಳ ಜೊತೆ ರಸ್ತೆ ಬದಿಯಲ್ಲಿ ಕೆದಕುತ್ತಿತ್ತು. ಇದ್ದಕ್ಕಿದ್ದಂತೆ ಕೆಳಗಿನ ಬೀದಿಯ ಕಂದು ನಾಯಿಯೊಂದು ನುಗ್ಗಿ ಬಂತು. ಅಕ್ಷತ ಬಿಂದಿಗೆ ಬಿಟ್ಟು ಓಡಿದಳು.

ಅವಳಿಗಿಂತ ಮೊದಲೇ ಪೈಲಟ್ ಬೊಗಳುತ್ತ ಅಡ್ಡ ಬಂದಿತ್ತು. ಅದರ ಹಿಂದೆಯೇ ಬೈಲಪ್ಪ, ಪಂಚೆ ಎತ್ತಿ ಕಟ್ಟಿಕೊಂಡು, ಬರಿಗಾಲಲ್ಲಿ.

“ಹಚಾ! ಹಚಾ! ನಮ್ ಕೋಳಿ ಮೇಲೇ ಬರ್ತೀಯಾ?”

ಕಂದು ನಾಯಿ ಬಾಲ ಮುದುರಿಕೊಂಡು ಓಟ ಕಿತ್ತಿತು. ಬೈಲಪ್ಪ ಏದುಸಿರು ಬಿಡುತ್ತ ಬಗ್ಗಿ ಮರಿಗಳನ್ನು ಎಣಿಸತೊಡಗಿದರು. ಮರಿಗಳು ಒಂದೆಡೆ ನಿಂತರೆ ತಾನೇ! ಲೆಕ್ಕ ತಪ್ಪಿತು. ಮತ್ತೆ ಎಣಿಸಿದರು.

“ಎಷ್ಟವ್ವ ಇರ್ಬೇಕು ನಮ್ಮವು?”

‘ಅರ್ಧ ನಂದು’ ಎನ್ನುವುದು ಅಕ್ಷತಳ ನಾಲಿಗೆಯ ತುದಿಗೆ ಬಂತು. ಅವಳು ಬೈಲಪ್ಪನವರ ಬೆವೆತ ಮುಖ ನೋಡಿದಳು. ಮರಿ ಎಣಿಸುವಾಗಿನ ಆ ಹೆದರಿಕೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಆರು ದೊಡ್ಡಪ್ಪ,” ಎಂದಳು. “ಆರೂ ಇದಾವೆ. ನೋಡಿ, ಒಂದು ನಿಮ್ ಕಾಲ್ ಹತ್ರಾನೇ ಇದೆ.”

ಆಮೇಲೆ ಕೈ ಚಾಚಿ, ಕೆಂಪಿಯನ್ನೂ ಮರಿಗಳನ್ನೂ ತಾನೇ ಮೆಲ್ಲಗೆ ಅವರ ಗೇಟಿನೊಳಕ್ಕೆ ಅಟ್ಟಿದಳು.